ಹಿಂದಕ್ಕೆ ಒಂದು ಹೆಜ್ಜೆ

ಸಹೃದಯರೇ, ಮಳೆ ಬರುವ ಮುನ್ನ ಆಕಾಶವು ಒಂದು ಗಳಿಗೆ ಉಸಿರು ಬಿಗಿಹಿಡಿದು ನಿಲ್ಲುವುದನ್ನು ನೀವು ಕಂಡಿರಬೇಕು! ಕಾರ್ಮೋಡಗಳ ಅಂಚಿನಿಂದ ಸೋರಿದ ಹಿತ್ತಾಳೆ ಬಣ್ಣದ ಬೆಳಕು ಆ ಸಂಜೆ ಓಣಿಯ ಹೆಂಚುಗಳ ಮೇಲೆ, ಒಣಹಾಕಿದ ಬಟ್ಟೆಗಳ ಮೇಲೆ, ಮೂರನೆಯ ಮಹಡಿಯ ಆ ಪುಟ್ಟ ಮನೆಯ ಕಿಟಕಿಯ ಮೇಲೆ ಹರಡಿ, ಬರಲಿರುವ ಯಾವುದೋ ಕೇಡನ್ನು ಬಲ್ಲಂತೆ ಮೌನವಾಗಿತ್ತು... ಕಾಗೆಗಳು ಕೂಡ ಕೂಗುವುದನ್ನು ಮರೆತಿದ್ದವು.

ಅಂಥ ಬೆಳಕೆಂದರೆ ಆ ಮನೆಯ ಛಾಯಾಗ್ರಾಹಕನಿಗೆ ಪ್ರಾಣ. ಮದುವೆಯ ಪಟಗಳನ್ನು ತೆಗೆದು ಹೊಟ್ಟೆ ಹೊರೆಯುತ್ತಿದ್ದವನ ಎದೆಗೆ, ಕ್ಯಾಮೆರಾ ಹಿಡಿಯಲು ಕಲಿಸಿದ ಗುರುಗಳ ಒಂದು ಮಾತು ಮುಳ್ಳಿನಂತೆ ನಾಟಿತ್ತು: "ಎಲ್ಲರ ಹಾಗೇ ತೆಗೀತೀಯಲ್ಲೋ, ಇದರಲ್ಲಿ ನಿನ್ನದು ಅನ್ನೋದು ಎಲ್ಲಿದೆ?" ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ ಅವನು ಸ್ಫೂರ್ತಿಗಾಗಿ ನದೀತೀರ, ರೈಲು ನಿಲ್ದಾಣ, ಪಾಳುಗೋಡೆಗಳನ್ನೆಲ್ಲ ಸುತ್ತಿದ. ಕೊನೆಗೊಂದು ಮುಸ್ಸಂಜೆ, ಕಿಟಕಿಯ ಬಳಿ ತಲೆ ಬಾಚಿಕೊಳ್ಳುತ್ತಿದ್ದ ಮಡದಿಯಲ್ಲೇ ಅದು ಸಿಕ್ಕಿತು! "ಹಾಗೇ ಇರು... ಒಂದು ಹೆಜ್ಜೆ ಹಿಂದಕ್ಕೆ ಹೋಗು" ಎಂದ. ಅವಳು ನಗುತ್ತ ಸರಿದಳು. ಅವಳ ಸುತ್ತ ಕತ್ತಲು ದಟ್ಟವಾದಷ್ಟೂ ಪಟದ ಚೆಲುವು ಹೆಚ್ಚಿತು.

ಅಂದಿನಿಂದ ಅದೇ ವ್ರತ. ಹಾಲು ಉಕ್ಕಲಿ, ಅವಳಿಗೆ ಜ್ವರವೇ ಬಂದಿರಲಿ, ಬೆಳಕು ಬಂತೆಂದರೆ ನಿಲ್ಲಬೇಕು. ನಿಂತು, ಹಿಂದಕ್ಕೆ ಸರಿಯಬೇಕು. "ರೀ, ಎರಡು ಮಾತಾಡೋದಿತ್ತು" ಎಂದರೆ, "ಬೆಳಕು ಹೋಗ್ಬಿಡುತ್ತೆ, ಆಮೇಲೆ" ಎನ್ನುತ್ತಿದ್ದ. ಆ ಆಮೇಲೆ ಎಂಬುದು ಬರಲೇ ಇಲ್ಲ.

ಕಾರ್ಮೋಡ ಕವಿದಿದ್ದ ಆ ಸಂಜೆ ಮನೆಗೆ ಬಂದ ಗುರುಗಳು ಪಟಗಳನ್ನು ತೆಗೆದ ಕ್ರಮದಲ್ಲೇ ಗೋಡೆಗೆ ಒರಗಿಸಿ ನೋಡಿದರು. "ಭೇಷ್! ನಿನ್ನ ಶೈಲಿ ನಿನಗೆ ಸಿಕ್ತು" ಎಂದವರ ಮುಖ ಮರುಗಳಿಗೆಯೇ ಕಂದಿತು. "ಆದ್ರೆ ನೋಡೋ... ಮೊದಲನೇದ್ರಲ್ಲಿ ನಗ್ತಿದ್ದಾಳೆ. ಬರ್ತಾ ಬರ್ತಾ ದೂರ ಆಗ್ತಿದ್ದಾಳೆ. ಕೊನೇದ್ರಲ್ಲಿ ಬೆನ್ನು ತಿರುಗಿಸಿ ಬಾಗಿಲ ಹತ್ರ ಇದಾಳೆ. ಮನೇಲಿ ಎಲ್ಲ ಸರಿಯಿದೆ ತಾನೇ?"

ದೀಪದ ಬುಡದಲ್ಲೇ ಕತ್ತಲೆ! ಒಳಕೋಣೆಯಲ್ಲಿ ಬೀರು ಮುಚ್ಚಿದ ಸದ್ದಾಯಿತು. ಗುರುಗಳು ಮೆಟ್ಟಿಲಿಳಿದು ಹೋದರು.

ಕೈಯಲ್ಲಿ ಚೀಲ ಹಿಡಿದು ಹೊರಬಂದ ಅವಳು ತನ್ನದೇ ಪಟಗಳ ಸಾಲನ್ನು ದಾಟಿ ಹೋಗಿ, ಹೊಸ್ತಿಲ ಮೇಲೆ ತಿರುಗಿ ನಿಂತಳು. ಕೆನ್ನೆಯ ಮೇಲೆ ಆ ಹಿತ್ತಾಳೆ ಬೆಳಕು, ಬೆನ್ನ ಹಿಂದೆ ಮೆಟ್ಟಿಲ ಕತ್ತಲು... ಅಂಥ ಪಟ ಜನ್ಮಕ್ಕೊಮ್ಮೆ! ಅವನ ಕೈ ತಾನಾಗಿಯೇ ಕ್ಯಾಮೆರಾ ಎತ್ತಿತು.

"ಇಷ್ಟು ಹಿಂದೆ ಸಾಕಾ, ರೀ?" ಎಂದಳು.

ಚೌಕಟ್ಟಿನಲ್ಲಿ ಎಲ್ಲವೂ ಪರಿಪೂರ್ಣವಾಗಿತ್ತು. ಇನ್ನೊಂದು ಹೆಜ್ಜೆ ಹಿಂದಿಟ್ಟರೆ ಅವಳೇ ಇರುವುದಿಲ್ಲವೆಂಬುದು ಆಗ ಅವನಿಗೆ ಕಂಡಿತು. ಕ್ಯಾಮೆರಾವನ್ನು ನೆಲಕ್ಕಿಟ್ಟ.

"ಹೋಗ್ಬೇಡ... ಹತ್ತಿರ ಬಾ."

"ಈ ಮಾತು ಕೇಳೋಕೆ ನಾನು ಬಾಗಿಲ ತನಕ ಬರ್ಬೇಕಾಯ್ತಲ್ಲ!"

ಅವಳು ಚೀಲವನ್ನು ಕೆಳಗಿಟ್ಟಳು. ಬಾಗಿಲನ್ನು ಮಾತ್ರ ಮುಚ್ಚಲಿಲ್ಲ. ಹೊರಗೆ ಮಳೆ ಹನಿಯತೊಡಗಿತು, ಬೆಳಕು ಆರಿತು. ಒಲವು ಕರೆದರೆ ಬರುವಂಥದು, ಸಹೃದಯರೇ. ಕರೆಯಲು ತಡವಾದಲ್ಲಿ ಅದು ಹೊಸ್ತಿಲ ಮೇಲೆಯೇ ನಿಂತು, ಬರಲೋ ಹೋಗಲೋ ಎಂದು ಬಹಳ ಹೊತ್ತು ಮಳೆಯನ್ನು ನೋಡುತ್ತಿರುತ್ತದೆ...