ಮಾನಿಟರಿಗೆ ಕಟ್ಟಿದ ತೆನೆ

ಎರಡು ಮಾನಿಟರುಗಳಲ್ಲಿ ಒಂದನ್ನು ಇವತ್ತೇ ತರಬೇಕು ಎಂದುಕೊಳ್ಳುತ್ತ ಜಿತೇಂದ್ರ ಅಂಗಳಕ್ಕೆ ಬಂದಾಗ ಅಪ್ಪ ದೇವದಾಸ ಆಗಲೇ ಗದ್ದೆಯಲ್ಲಿದ್ದರು. ಮಳೆ ಹಿಂದೆ ಸರಿದು ವಾರವಾಗಿತ್ತು. ಇನ್ನಂಜೆಯ ಗದ್ದೆಗಳಲ್ಲಿ ಕಾಳು ಗಟ್ಟಿಯಾದ ತೆನೆ ತಲೆ ಬಗ್ಗಿಸತೊಡಗಿತ್ತು. ಅಪ್ಪ ಪಂಚೆ ಎತ್ತಿ ಕಟ್ಟಿ, ಒಂದೊಂದೇ ತೆನೆಯನ್ನು ಬೆರಳಲ್ಲಿ ಒತ್ತಿ ನೋಡಿ ಕೊಯ್ಯುತ್ತಿದ್ದರು. ಅವರಿಗೆ ಅವಸರವಿರಲಿಲ್ಲ.

ಅವಸರ ಜಿತೇಂದ್ರನಿಗಿತ್ತು. ಎರಡು ಗಂಟೆಗೆ ಕಂಪ್ಯೂಟರಿನಲ್ಲಿ ಪಂದ್ಯ.

ಇವತ್ತು ಮನೆಯಲ್ಲಿ ತೆನೆ ಕಟ್ಟುವ ದಿನ. ಕಂಬಕ್ಕೆ, ಅಕ್ಕಿಯ ಡಬ್ಬಕ್ಕೆ, ಕಾಯಿ ತುರಿಯುವ ಮಣೆಗೆ, ಪಂಪಿಗೆ, ಕಾರಿಗೆ, ಮನೆಯಲ್ಲಿ ದುಡಿಯುವ ಎಲ್ಲದಕ್ಕೂ ಮಾವಿನೆಲೆಯಲ್ಲಿ ಸುತ್ತಿದ ತೆನೆ. ತೆನೆ ಕಟ್ಟಿದ ವಸ್ತುವನ್ನು ಮುಂದಿನ ವರ್ಷದ ತೆನೆಯವರೆಗೆ ಹೊರಗೆ ಹಾಕುವುದಿಲ್ಲ. ಮಧ್ಯಾಹ್ನ ಹೊಸ ಅಕ್ಕಿಯ ಊಟ. ಮೊದಲ ತುತ್ತು ಎತ್ತುವ ಮುಂಚೆ ಕಿರಿಯರು ಹಿರಿಯರ ಬಳಿ ಹೋಗಿ “ಹೊಸತು ಉಣ್ಣುತ್ತೇನೆ” ಎನ್ನಬೇಕು. ಹಿರಿಯರು “ಉಣ್ಣು” ಎನ್ನಬೇಕು.

ಕಳೆದ ವರ್ಷ ಅವನು ಕೇಳಿರಲಿಲ್ಲ. ಹೆಂಡತಿ ದೀಕ್ಷಿತಾ ಆಟದ ನಡುವೆ ತಂದಿಟ್ಟ ತಟ್ಟೆಯಿಂದ, ಪರದೆಯ ಮೇಲಿನ ಕಣ್ಣು ಕೀಳದೆ, ಚಮಚದಲ್ಲಿ ತಿಂದು ಮುಗಿಸಿದ್ದ. ಆಮೇಲೆ ಅಪ್ಪನ ಜೊತೆ ಬೇರೆ ಮಾತೂ ಕಡಿಮೆಯಾಯಿತು. ಜಗಳ ಆಗಿರಲಿಲ್ಲ, ಆಗಿದ್ದರೆ ಮುಗಿಸಲಿಕ್ಕೆ ಒಂದು ದಾರಿಯಾದರೂ ಇರುತ್ತಿತ್ತು. ಒಂದು ಮಾತು ಬಾಕಿ ಉಳಿಯಿತು, ಅಷ್ಟೆ. ಈ ಸಲ ಕೇಳಿಬಿಡಬೇಕು ಎಂದು ಅವನು ವಾರದಿಂದ ಯೋಚಿಸಿದ್ದ. ಮಾನಿಟರಿನ ಬಗ್ಗೆ ಆರು ತಿಂಗಳಿನಿಂದ ಯೋಚಿಸಿದ್ದ.

“ಎಷ್ಟು ಹೊತ್ತಿಗೆ ಬರ್ತೀರಿ?” ದೀಕ್ಷಿತಾ ಅಡುಗೆಮನೆಯ ಕಿಟಕಿಯಿಂದ ಕೇಳಿದಳು.

“ಎರಡು ಉಂಟು. ನೋಡಿ ಬರ್ತೇನೆ.”

“ಅಪ್ಪ ಊಟಕ್ಕೆ ಕಾಯ್ತಾರೆ.”

“ಕಾಯಲಿಕ್ಕೆ ನಾನು ಹೇಳಲಿಲ್ಲ.”

ಮಣಿಪಾಲದ ಕಾಲೇಜೊಂದರಲ್ಲಿ ಅವನು ಬೆಳಕಿನ ಬಗ್ಗೆ ಪಾಠ ಮಾಡುತ್ತಾನೆ. ರಜೆಯಲ್ಲಿ ಐದು ಜನರ ತಂಡ ಸೇರಿ ಕಂಪ್ಯೂಟರಿನಲ್ಲಿ ಗುಂಡು ಹಾರಿಸುತ್ತಾನೆ. ಉಳಿದ ನಾಲ್ವರ ಮುಖ ನೋಡಿಲ್ಲ. ಅವರು ಅವನನ್ನು ‘ಅಂಕಲ್’ ಎಂದು ಕರೆಯುತ್ತಾರೆ. ಮೊದಲು ಅದು ತಮಾಷೆಯಾಗಿತ್ತು. ಈಚೆಗೆ, ಆಟದಲ್ಲಿ ಗೋಡೆಯ ಮರೆಯಿಂದ ಬಂದವನನ್ನು ಕಾಣುವಷ್ಟರಲ್ಲೇ ಅವನು ಸತ್ತುಬೀಳುತ್ತಿದ್ದುದರಿಂದ, ತಮಾಷೆ ಕಳಚಿ ಹೆಸರು ಉಳಿದಿತ್ತು. ತಪ್ಪು ಹಳೆಯ ಮಾನಿಟರಿನದು, ಅದು ಸೆಕೆಂಡಿಗೆ ಅರವತ್ತೇ ಚಿತ್ರ ತೋರಿಸುತ್ತದೆ ಎಂದು ಅವನು ವಾದಿಸಿದ್ದ. ತಪ್ಪು ಕಣ್ಣಿನದಾಗಿದ್ದರೆ ಎಂಬುದನ್ನು ಯಾರ ಎದುರೂ ಎತ್ತಿರಲಿಲ್ಲ.

ಉಡುಪಿಯ ಅಂಗಡಿಯಲ್ಲಿ ಎರಡೂ ಅಕ್ಕಪಕ್ಕ ಇದ್ದವು. ಒಂದು ಸೆಕೆಂಡಿಗೆ ಇನ್ನೂರ ನಲವತ್ತು ಚಿತ್ರದ್ದು; ಅದರೊಳಗಿನ ಹಸಿರನ್ನು ನೋಡಿದರೆ ಕೈಗೆ ಒದ್ದೆ ತಾಗೀತು ಅನ್ನಿಸುತ್ತಿತ್ತು. ಇನ್ನೊಂದು ಮುನ್ನೂರ ಅರವತ್ತು. ಅದರ ಹಸಿರಿಗೆ ಬೂದಿ ಬಳಿದಂತಿತ್ತು. ಅಂಗಡಿಯ ಕಾರ್ಲ್ ಕೈಕಟ್ಟಿ ನಿಂತು ಗಿರಾಕಿಯ ಕಣ್ಣು ಎತ್ತ ಹೋಗುತ್ತದೆಂದು ಗಮನಿಸುತ್ತಿದ್ದ.

“ಬಣ್ಣದ್ದು ತಗೊಳ್ಳಿ ಸರ್. ನಮ್ಮ ಪ್ರಾಯದ ಕಣ್ಣಿಗೆ ಇನ್ನೊಂದರ ವೇಗ ಗೊತ್ತೇ ಆಗುವುದಿಲ್ಲ ಮಾರಾಯ್ರೆ.”

“ನನಗೆ ಗೊತ್ತಾಗ್ತದೆ.”

“ಹೌದಾ? ನೋಡುವನಾ?”

ಕಾರ್ಲ್ ಎರಡರ ಬಣ್ಣವನ್ನೂ ತೆಗೆದು ಕಪ್ಪುಬಿಳುಪು ಮಾಡಿದ. ಅಂಚುಗಳಿಗೆ ಪೇಪರ್ ಅಂಟಿಸಿದ. ಅವನು ಅವುಗಳ ಜಾಗ ಬದಲಿಸುವಾಗ ಜಿತೇಂದ್ರ ಬೆನ್ನು ತಿರುಗಿಸಿ ನಿಂತು, ಕರೆದಾಗ ಬಂದು, ಮೌಸ್ ಆಡಿಸಿ, ಪರದೆಯಲ್ಲಿ ಬೇಲಿಯ ಹಿಂದೆ ಓಡುವ ಮನುಷ್ಯನನ್ನು ನೋಡಿ ಹೆಚ್ಚು ವೇಗದ್ದು ಯಾವುದೆಂದು ಬೆರಳು ತೋರಿಸಬೇಕು. ಮೊದಲ ಸಲ ಸರಿಯಾಯಿತು. ಅದು ಲಕ್ ಎಂದ ಕಾರ್ಲ್. ಎರಡನೆಯ ಸಲವೂ ಸರಿಯಾಯಿತು. ಚಾರ್ಜರ್ ಕೊಳ್ಳಲು ಬಂದವರು ಅಲ್ಲೇ ನಿಂತರು. ಮೂರನೆಯ ಸಲ ಕಾರ್ಲ್ ಜಾಗ ಬದಲಿಸಿದಂತೆ ಸದ್ದು ಮಾಡಿ, ಬದಲಿಸದೆ ಬಿಟ್ಟ.

ಜಿತೇಂದ್ರ ಒಮ್ಮೆ ನೋಡಿದ. ಬೇಲಿಯ ಗೂಟಗಳು ಒಂದರಲ್ಲಿ ಕೊಂಚ ಕರಗುತ್ತಿದ್ದವು, ಇನ್ನೊಂದರಲ್ಲಿ ಇಲ್ಲ.

“ನೀವು ಬದಲಿಸಲೇ ಇಲ್ಲ,” ಎಂದ.

ಯಾರೋ ಚಪ್ಪಾಳೆ ತಟ್ಟಿದರು. ಕಾರ್ಲ್ ನಗುತ್ತ ಸೋಲೊಪ್ಪಿ, ಈ ಕಣ್ಣಿಗೆ ಇನ್ಶೂರೆನ್ಸ್ ಮಾಡಿಸಿ ಸರ್ ಎಂದ. ಜಿತೇಂದ್ರನಿಗೆ ಎದೆಯಲ್ಲಿ ಏನೋ ನೆಟ್ಟಗೆ ನಿಂತಂತಾಯಿತು. ಮದುವೆಯ ದಿನವೂ, ಪಿಎಚ್‌ಡಿ ಸಿಕ್ಕಿದ ದಿನವೂ ಹೀಗಾಗಿರಲಿಲ್ಲ. ಮುನ್ನೂರ ಅರವತ್ತರದ್ದನ್ನೇ ಕಟ್ಟಲು ಹೇಳಿದ.

“ಆದರೂ ನೋಡಲಿಕ್ಕೆ ಸುಖ ಆ ಬಣ್ಣದ್ದೇ, ಅಲ್ವಾ?” ಎಂದ ಕಾರ್ಲ್.

“ಸುಖಕ್ಕಲ್ಲ,” ಎಂದ ಜಿತೇಂದ್ರ.

ಕಾರಿನಲ್ಲಿ ಪೆಟ್ಟಿಗೆಯ ಭಾರಕ್ಕೆ ಪಕ್ಕದ ಸೀಟು ಬೀಪ್ ಎನ್ನುತ್ತಲೇ ಇತ್ತು. ಅದಕ್ಕೂ ಬೆಲ್ಟ್ ಹಾಕಿದ. ಕಟಪಾಡಿ ದಾಟುವವರೆಗೂ ಸಿಳ್ಳೆ ಹಾಕುತ್ತಿದ್ದ.

ಮನೆಯಲ್ಲಿ ಬಾಳೆಲೆ ಹಾಸಿ ಆಗಿತ್ತು. ಹೊಸ ಅನ್ನದ ವಾಸನೆ ಜಗಲಿಗೂ ಬಂದಿತ್ತು. ಅಪ್ಪ ಎಲೆಯ ಮುಂದೆ ಕೂತು ನೀರಿನ ಲೋಟವನ್ನು ಸರಿಸಿ ಸರಿಸಿ ಇಡುತ್ತಿದ್ದರು. ಪೆಟ್ಟಿಗೆ ಹೊತ್ತು ಹಾದುಹೋಗುವಾಗ ಜಿತೇಂದ್ರನ ಬಾಯಿಗೆ ಆ ಮಾತು ಬಂತು. ಆದರೆ ಎರಡೂ ಕೈಯಲ್ಲಿ ಪೆಟ್ಟಿಗೆ ಹಿಡಿದು ಅದನ್ನು ಹೇಳುವುದು ಚೆನ್ನಾಗಿರುವುದಿಲ್ಲ. ಒಂದು ಪಂದ್ಯ ಮುಗಿಸಿ ಬರುತ್ತೇನೆಂದು ದೀಕ್ಷಿತಾಳಿಗೆ ಹೇಳಿದ. ಅವಳು ಅನ್ನದ ಪಾತ್ರೆಗೆ ಮುಚ್ಚಳ ಹಾಕಿದಳು.

ಕೋಣೆಯಲ್ಲಿ ಹಳೆಯ ಮಾನಿಟರಿಗೆ ತೆನೆ ಕಟ್ಟಿತ್ತು.

ಅಪ್ಪ ನಾರನ್ನು ಎರಡು ಸುತ್ತು ಸುತ್ತಿ, ಗಂಟು ಹಿಂದೆ ಬರುವಂತೆ, ಪರದೆಗೆ ಗೀರಾಗದಂತೆ ಕಟ್ಟಿದ್ದರು. ಅವನು ಅದನ್ನು ಸಂಜೆಯೇ ಗುಜರಿಗೆ ಹಾಕುವವನಿದ್ದ. ಇನ್ನು ವರ್ಷ ಇಲ್ಲೇ ಇರುತ್ತದೆ. ಎಳೆದು ಬಲಗಡೆಗಿಟ್ಟು, ಹೊಸದನ್ನು ಎದುರಿಗೆ ನಿಲ್ಲಿಸಿ, ಹೆಡ್‌ಫೋನ್ ಹಾಕಿಕೊಂಡ.

ಎಲ್ಲವೂ ಕಾಣುತ್ತಿತ್ತು. ಗೋಡೆಯ ಮರೆಯಿಂದ ಮೊದಲು ಬರುವ ಮೊಣಕೈ, ಆಮೇಲೆ ಬರುವ ಬಂದೂಕು. ಎದುರಿನವರು ಒಬ್ಬೊಬ್ಬರಾಗಿ ಉರುಳಿದರು. ಕೊನೆಯಲ್ಲಿ ಅವನೊಬ್ಬನೇ ಉಳಿದು ಮೂವರನ್ನು ಕೆಡವಿದ. ಕಿವಿಯಲ್ಲಿ ನಾಲ್ಕು ಧ್ವನಿಗಳು ಒಟ್ಟಿಗೆ ಕಿರುಚಿದವು. ಯಾರೂ ಅಂಕಲ್ ಅನ್ನಲಿಲ್ಲ. ಇನ್ನೊಂದು, ಇನ್ನೊಂದು ಎಂದರು.

ಆಗ ಬಲಗಡೆ ಏನೋ ಅಲುಗಿತು. ಹಳೆಯ ಮಾನಿಟರಿನ ಆರಿದ ಗಾಜಿನಲ್ಲಿ ಬಾಗಿಲ ಬೆಳಕು, ಬೆಳಕಿನಲ್ಲಿ ಅಪ್ಪ. ತೆನೆ ಅವರ ಮುಖಕ್ಕೆ ಅಡ್ಡವಾಗಿ ಇಳಿದಿತ್ತು. ತುಟಿ ಅಲುಗಿತು. ಎರಡೇ ಶಬ್ದ. ಜಿತೇಂದ್ರನಿಗೆ ಕೇಳಿಸಲಿಲ್ಲ, ಆದರೆ ಅಂಗಡಿಯಲ್ಲಿ ಗೆದ್ದ ಆ ಕಣ್ಣಿಗೆ ಕಾಣದೆ ಇರುವುದು ಸಾಧ್ಯವಿರಲಿಲ್ಲ. ಹೊಸತು ಉಣ್ಣುತ್ತೇನೆ.

ಹಿರಿಯರು ಕಿರಿಯರನ್ನು ಕೇಳಿದ್ದು ಆ ಮನೆಯಲ್ಲಿ ನಡೆದದ್ದೇ ಇಲ್ಲ.

ಉಣ್ಣಿ ಎನ್ನಬೇಕು. ಮೈಕ್ ತೆರೆದಿತ್ತು, ನಾಲ್ವರು ಕೇಳಿಸಿಕೊಳ್ಳುತ್ತಿದ್ದರು. ಮುಂದಿನ ಪಂದ್ಯ ಶುರುವಾಯಿತು. ಹೊಸದು ಸೆಕೆಂಡಿಗೆ ಮುನ್ನೂರ ಅರವತ್ತು ಚಿತ್ರ ತೋರಿಸುತ್ತಿತ್ತು. ತೆನೆ ಕಟ್ಟಿದ ಹಳೆಯದು ಒಂದೇ ಚಿತ್ರ ತೋರಿಸುತ್ತ ಕಾದಿತ್ತು.