ಸಡಿಲಾಗದ ಹಗ್ಗ

ಟಣ್ ಎಂದಿತು, ತಂತಿಯ ಮೇಲಿನ ಕಾಗೆ ಎದ್ದು ಮತ್ತೆ ಅಲ್ಲೇ ಕೂತಿತು, ಕೈಯೊಳಗಿನ ಚಹಾದ ಮೇಲೆ ಸಣ್ಣದೊಂದು ಬಳೆ ಮೂಡಿ ಅಂಚಿಗೆ ಹೋಗಿ ಅಳಿಯಿತು — ರಾಡಿನ ತಲೆಗೆ ಬಿದ್ದ ಕಬ್ಬಿಣದ ಗುಂಡು ಪುಟಿದಿದೆ, ಸಿದ್ಧಲಿಂಗನಿಗೆ ನೋಡದೆಯೂ ಗೊತ್ತು, ರಾಡಿನ ಕೆಳಗೆ ಮಣ್ಣಿದ್ದರೆ ಧಪ್ ಎನ್ನುತ್ತದೆ, ಕಲ್ಲಿದ್ದರೆ ಹೀಗೆ, ಟಣ್, ಗುಂಡು ಎತ್ತಿ ಬಿಡುವ ಬಂದೇಅಲಿ ಹಗ್ಗ ಬಿಟ್ಟು ಅಂಗೈ ಉಜ್ಜಿಕೊಳ್ಳುತ್ತ ನಗುತ್ತಿದ್ದಾನೆ, ಹತ್ತಿತು ನೋಡ್ರಿ ಸಾಬ್, ಫರಸಿ ಹತ್ತಿತು, ಶಹಾಬಾದದಾಗ ಫರಸಿ ಹತ್ತದೆ ಬಂಗಾರ ಹತ್ತತದೇನು. ರಾಡು ಒಂದಡಿ ಇಳಿಯಲು ಎಷ್ಟು ಏಟು ಬೇಕೋ ನೆಲ ಅಷ್ಟು ಗಟ್ಟಿ, ನೆಲ ಪರೀಕ್ಷೆಯ ಕೆಲಸಕ್ಕೆ ಸೇರಿದಾಗ ರೇವಣಸಿದ್ದಯ್ಯ ಸರ್ ಕಲಿಸಿದ್ದು ಇಷ್ಟೇ, ಏಟಿಗೂ ಜಗ್ಗದಿದ್ದರೆ ಕಲ್ಲು, ಕಲ್ಲು ಬಂತಂದ್ರ ಊಟಕ್ಕ ನಡಿ. ಹೆಂಗಸರು ಖಾಲಿ ಕೊಡಗಳನ್ನು ಬೋರಲು ಹಾಕಿ ಅವುಗಳ ಮೇಲೆಯೇ ಕೂತಿದ್ದಾರೆ, ಬೆಳಗಿನಿಂದ ಹಾಗೆಯೇ, ಒಂದೊಂದು ಟಣ್ಣಿಗೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಇಲ್ಲಿ ನೀರಿನ ಟಾಕಿ ಏಳಬೇಕು, ನಾಲ್ಕು ಕಾಲಿನ ಎತ್ತರದ ಟಾಕಿ, ಕಾಲೊನಿಯಲ್ಲಿ ಖಾಲಿ ಉಳಿದದ್ದು ಇದೊಂದೇ ಜಾಗ, ಯಾಕೆ ಉಳಿಯಿತು ಅಂದರೆ ಇದು ಜಾಗವೇ ಅಲ್ಲ, ಖಣಿ, ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದು ತೆಗೆದು ಕೈಬಿಟ್ಟ ಖಣಿ, ಈಗ ರಾಡು ನಿಂತಲ್ಲಿ ಸಿದ್ಧಲಿಂಗನ ಬಾಲ್ಯದಲ್ಲಿ ಹಸಿರು ನೀರಿತ್ತು, ನೀರೊಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಕಲ್ಲಿನ ಅಂಚುಗಳು, ಮೂರನೆಯ ಮೆಟ್ಟಿಲಿನ ತನಕ ಕಾಣುತ್ತಿದ್ದವು, ಆಮೇಲೆ ಕಪ್ಪು, ಆ ಕಪ್ಪು ಎಷ್ಟು ಆಳ ಅಂತ ಅಳೆಯಲು ಗೆಳೆಯ ದಶರಥ ಮನೆಯಿಂದ ಸೇದುವ ಹಗ್ಗ ಕದ್ದು ತಂದಿದ್ದ, ತುದಿಗೆ ಕಲ್ಲು ಕಟ್ಟಿ ಇಳಿಬಿಟ್ಟ, ತಳ ಸಿಕ್ಕರೆ ಹಗ್ಗ ಸಡಿಲಾಗತದಲೇ ಅಂದಿದ್ದವನು ಸಿದ್ಧಲಿಂಗನೇ, ದಶರಥ ಅಂಡು ಮೇಲೆ ಮಾಡಿ ಅಂಚಿಗೆ ಬೋರಲು ಮಲಗಿ, ಇನ್ನೂ ಇಳೀಲಿಕತ್ತದಲೇ ಸಿದ್ಯಾ, ಇನ್ನೂ ಇಳೀಲಿಕತ್ತದ.

ಯಾಕ್ರಿ ಎಂಜಿನಿಯರ್, ಕಲ್ಲು ಹತ್ಯದೋ ಇಲ್ಲೋ, ಮಾರಿ ಯಾಕ ಹಿಂಗ, ನೀಲಾಬಾಯಿ ಕೊಡದ ಮೇಲಿಂದಲೇ ಕೂಗುತ್ತಾಳೆ, ಕಾಲೊನಿಯ ಪರವಾಗಿ ಎಲ್ಲ ಕಚೇರಿಗಳ ಬಾಗಿಲಲ್ಲೂ ಜಗಳಾಡಿ ಈ ಟಾಕಿ ತಂದವಳು ಅವಳೇ, ಅವನೆಂದ, ಅಕ್ಕಾ, ಇದು ತುಂಬಿದ ಖಣಿ, ಅವಳು ಕೈ ಕೊಡವಿದಳು, ತುಂಬ್ಯಾರ ಖರೇ, ಏನ್ ಹಾಕಿ ತುಂಬ್ಯಾರ, ಕಲ್ಲು ಹಾಕೇ ತುಂಬ್ಯಾರಲ್ಲೋ ಯಪ್ಪಾ, ಕಲ್ಲಿನ ಖಣ್ಯಾಗ ಕಲ್ಲು, ಮತ್ತ ನಿನಗೇನು ಬೇಕು, ಎಲ್ಲರೂ ನಕ್ಕರು, ಇವನೂ ನಕ್ಕುಬಿಟ್ಟ, ಯಾಕೆ ನಕ್ಕೆ, ಆ ಕಲ್ಲು ಬರುವುದನ್ನು ಇವನು ನೋಡಿದ್ದಾನೆ, ದಶರಥ ಹೋದ ಮೇಲೆ ಪಾಲಿಶ್ ಯಾರ್ಡುಗಳಿಂದ ಟ್ರ್ಯಾಕ್ಟರು ಟ್ರ್ಯಾಕ್ಟರು ಒಡಕು ಫರಸಿ, ಹಾಳೆ ಹಾಳೆಯಾಗಿ ಜಾರಿ, ಒಂದರ ಮೇಲೊಂದು ಅಡ್ಡ ಬಿದ್ದು, ನಡುನಡುವೆ ಕತ್ತಲು ಬಿಟ್ಟುಕೊಂಡು, ಆಮೇಲೆ ಅದರ ಮೇಲೆ ಒಂದಾಳುದ್ದ ಮಣ್ಣು. ಅಡ್ಡ ಬಿದ್ದ ಒಂದು ಫರಸಿಗೆ ತಾಗಿದರೂ ಗುಂಡು ಪುಟಿಯುತ್ತದೆ, ಅದರ ಕೆಳಗೆ ಬರೀ ಗಾಳಿಯಿದ್ದರೂ. ಅದಕ್ಕೇ ಎರಡು ಮಾರು ಆಚೆ ಇನ್ನೊಂದು ಕಡೆ ಹೊಡೆಸಿದ, ಬಂದೇಅಲಿ ಬೈದುಕೊಂಡೇ ಹೊಡೆದ, ಮೊದಲು ಧಪ್ ಧಪ್, ಆಮೇಲೆ ಧಪ್ಪೂ ಇಲ್ಲ ಟಣ್ಣೂ ಇಲ್ಲ, ಗುಂಡು ಎತ್ತುವ ಮೊದಲೇ ರಾಡು ತನ್ನ ಭಾರಕ್ಕೆ ತಾನೇ ಹೊರಟಿತು, ಸುಮ್ಮನೆ, ಸೂಜಿ ಹಿಟ್ಟಿನೊಳಗೆ ಹೋದಂತೆ, ಬಂದೇಅಲಿ ಯಾ ಅಲ್ಲಾ ಎಂದು ಕಬ್ಬಿಣದ ಪಾನಾ ಹಾಕಿ ಕಚ್ಚಿ ಹಿಡಿಯದಿದ್ದರೆ ಅಷ್ಟೂ ಹೋಗುತ್ತಿತ್ತು, ತೂತಿನಿಂದ ತಣ್ಣನೆಯ ಗಾಳಿ ಬಂತು, ಹಳೆಯ ನೀರಿನ ವಾಸನೆ, ಪಾಚಿ — ಇನ್ನೂ ಇಳೀಲಿಕತ್ತದಲೇ ಸಿದ್ಯಾ.

ಫೋನಿನಲ್ಲಿ ರೇವಣಸಿದ್ದಯ್ಯ ಸರ್, ಅವರು ಕಲಬುರಗಿಯ ಲ್ಯಾಬಿನಲ್ಲಿ ಕೂತಿದ್ದಾರೆ, ಹಿಂದೆ ಫ್ಯಾನಿನ ಸದ್ದು, ಕಲ್ಲು ಕೊರೆಯುವ ಮಶೀನು ಬೇಕು ಸರ್, ಕೊರೆದು ಕೆಳಗಿಳಿದು ನೋಡಬೇಕು, ಒಂದು ಕಡೆ ನೆಲ ರಾಡು ನುಂಗಿತು ಸರ್, ನುಂಗಿದ ಕಡಿ ಬಿಡೋ ಮಾರಾಯ, ಪುಟಿದ ಕಡಿ ಹಿಡಿ, ಆದರೆ ಸರ್ ನಾಲ್ಕು ಕಾಲು, ಒಂದು ಕಾಲು ಫರಸಿ ಮೇಲೆ ನಿಂತು ಇನ್ನೊಂದು ನುಂಗಿದ ಕಡೆ ಬಂದರೆ, ಟಾಕಿ ತುಂಬಿದ ದಿನ, ಕೆಳಗೆ ಮನೆಗಳಿವೆ ಸರ್, ಅವರೆಂದರು, ಈ ಜಾಗಾ ಬ್ಯಾಡಂದ್ರ ಟಾಕಿ ಸ್ಟೇಶನ್ ಕಡಿ ಹೋಗತದ, ಅಲ್ಲಿನ ಮಂದಿ ಕಾಯಲಿಕತ್ಯಾರ, ಹೆಣ್ಮಕ್ಕಳಿಗೆ ನೀನೇ ಹೇಳು ಮತ್ತ, ಹೇಳತೀಯೇನು, ಅವನು ತಿರುಗಿ ನೋಡಿದ, ಅಂಬುಬಾಯಿ ಬರುತ್ತಿದ್ದಳು. ದಶರಥನ ಅವ್ವ, ಕೊಡ ಹೊತ್ತು ಹೊತ್ತು ಒಂದು ಕಡೆ ವಾಲಿದ ಸೊಂಟ, ಕೈಯಲ್ಲಿ ತೆಂಗಿನಕಾಯಿ, ಕುಂಕುಮ, ಬೆಳಗಿನ ಚಹಾ ತಂದುಕೊಟ್ಟವಳೂ ಅವಳೇ, ಕಾಗಿಣಾ ಹೊಳೆದಂಡೆಯಿಂದ ಕರೆಸಿದ ಈಜುಗಾರರು ಈ ಖಣಿಯಿಂದ ಮಗನನ್ನು ಹೊತ್ತು ತಂದ ದಿನ ಇದೇ ಕೈ ಇವನ ತಲೆ ನೇವರಿಸಿತ್ತು, ಅವಳ ಮನೆ ಇಲ್ಲಿಂದ ಮೊದಲನೆಯದು, ಟಾಕಿಯ ನೆರಳು ಸಂಜೆಗೆ ಅವಳ ಅಂಗಳದಲ್ಲೇ ಬೀಳುತ್ತದೆ, ನೆರಳಷ್ಟೇ ಬಿದ್ದರೆ. ಗುಂಡಿಗೆ ಕುಂಕುಮ ಹಚ್ಚುತ್ತ ಅವಳೆಂದಳು, ಸಿದ್ದೂ, ನನ್ನ ಮಗಾ ಇದೇ ನೀರಾಗ ಹೋದ, ಇನ್ ಇಲ್ಲಿಂದೇ ನನ್ನ ಬಾಗಿಲಿಗಿ ನೀರು ಬರತದಂದ್ರ ಅಂವನೇ ಕಳಸಿದಂಗ ಅಲ್ಲೇನೋ, ಅವನು ಅವ್ವಾ ಅಂದ, ಅವ್ವಾ ಇಲ್ಲಿ, ಅನ್ನುವಷ್ಟರಲ್ಲಿ ಅವಳು ಬಂದೇಅಲಿಯ ಕಡೆ ತಿರುಗಿದ್ದಳು, ಇನ್ನೊಮ್ಮಿ ಹೊಡಿಯೋ ಸಾಬಾ, ನನ್ನ ಕಣ್ಣೆದುರು ಒಮ್ಮಿ, ಬಂದೇಅಲಿ ಅಷ್ಟರಲ್ಲಾಗಲೇ ಗುಂಡು ತೂಗುವ ಮುಕ್ಕಾಲಿಯನ್ನು ಪುಟಿದ ಕಡೆಗೇ ತಂದು ನಿಲ್ಲಿಸಿದ್ದ, ಬ್ಯಾಡ ಅನ್ನಬೇಕು, ಫೋನು ಕಿವಿಯಲ್ಲೇ ಇದೆ, ಸರ್ ಕೇಳುತ್ತಿದ್ದಾರೆ, ಏನಂತೀ, ಹೇಳು, ಗುಂಡು ಮೇಲೇರಿತು, ಕುಂಕುಮದ ಗುಂಡು, ಬಿತ್ತು, ಟಣ್. ಕೇಳಸಿತು ಕೇಳಸಿತು, ಅಂದರು ಸರ್, ನೀ ಹೇಳೋದೇ ಬ್ಯಾಡ, ಕಲ್ಲಂತ ಬರಕೊಂಡೆ, ಸಾಮಾನು ಕಟ್ಟಿಸು, ಫೋನು ಕಡಿದುಹೋಯಿತು, ಕಾಯಿ ಒಡೆಯಿತು, ಕೊಡಗಳು ಒಂದಕ್ಕೊಂದು ತಾಗಿ ಮೇಲೆದ್ದವು, ನೀಲಾಬಾಯಿ ಯಾರಿಗೋ ಸಕ್ಕರೆ ತಾ ಅನ್ನುತ್ತಿದ್ದಾಳೆ, ಬಂದೇಅಲಿ ಹಗ್ಗ ಸುತ್ತುತ್ತಿದ್ದಾನೆ ಮೊಣಕೈಗೂ ಅಂಗೈಗೂ ಮೊಣಕೈಗೂ ಅಂಗೈಗೂ, ಕೊಬ್ಬರಿಯ ಹೋಳು ಕೈಗೆ ಬಂತು, ಅಂಬುಬಾಯಿ ನಗುತ್ತಿದ್ದಾಳೆ, ತಿನ್ನೋ ಅನ್ನುತ್ತಿದ್ದಾಳೆ, ಅವನು ಅಗಿಯುತ್ತಾನೆ, ಬೋರಲು ಮಲಗಿದ ದಶರಥನ ಮುಷ್ಟಿಯಿಂದ ಹಗ್ಗ ಜಾರುತ್ತಿದೆ, ಅಂಗೈ ಕೆಂಪಗಾಗಿದೆ, ಇನ್ನು ಬರೀ ತುದಿ ಉಳಿದಿದೆ, ತುದಿಯ ಗಂಟು, ಸಡಿಲಾಗತದಲೇ, ಈಗ ಸಡಿಲಾಗತದ, ಗಂಟು, ಮುಷ್ಟಿಯಲ್ಲಿ ಗಂಟು, ಬಿಗಿಯಾಗಿ, ಹಗ್ಗ, ನೆಟ್ಟಗೆ, ಹಗ್ಗದ ಹಿಂದೆ ದಶರಥ, ಕಪ್ಪಿನೊಳಗೆ