ಹಸಿದ ಮೊಲ, ಒಂದು ಹಳ್ಳು ಬೆಲ್ಲ

ಉಪವಾಸವಿದ್ದ ಮೊಲದ ಲಿವರ್ ಉಪವಾಸವಿದ್ದಂತೆಯೇ ಕಾಣಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ. ಚಿಕ್ಕೋಡಿಯ ಕಾಲೇಜಿನಲ್ಲಿ ಪಾಠ ಮಾಡಿಕೊಂಡು, ರಜೆ ಸಿಕ್ಕಾಗಲೆಲ್ಲ ಪಿಎಚ್‌.ಡಿ. ಎಂದು ಓಡಾಡಿ, ಎಂಟು ಮೊಲಗಳನ್ನು ಕೊಂದ ಮೇಲೂ ಅದು ಕಾಣಲಿಲ್ಲ.

ನನ್ನ ವಿಷಯ ಹೇಳಿದರೆ ಬಸ್ಸಿನಲ್ಲಿ ಪಕ್ಕದವರು ಕಿಟಕಿಯ ಕಡೆ ತಿರುಗುತ್ತಾರೆ. ಆದರೂ ಹೇಳುತ್ತೇನೆ. ಲಿವರಿನ ಜೀವಕೋಶದಲ್ಲಿ ಸಕ್ಕರೆಯನ್ನು ಹಿಡಿದು ಕೆಲಸಕ್ಕೆ ಹಚ್ಚುವ ಒಂದು ಕಿಣ್ವವಿದೆ, ಹೆಸರು ಗ್ಲುಕೊಕೈನೇಸ್. ಹೊಟ್ಟೆ ಖಾಲಿ ಇದ್ದಾಗ ಇನ್ನೊಂದು ಪ್ರೋಟೀನು ಅದನ್ನು ಹಿಡಿದು ಕೋಶಕೇಂದ್ರದಲ್ಲಿ ಕೂರಿಸಿಕೊಳ್ಳುತ್ತದೆ. ಕಬ್ಬು ಬಾರದ ದಿನ ಕಾರ್ಖಾನೆಯ ವಾಚಮನ್ ಕೆಲಸಗಾರನನ್ನು ತನ್ನ ಕೋಣೆಯಲ್ಲೇ ಕೂರಿಸಿಕೊಂಡ ಹಾಗೆ. ಉಂಡ ಮೇಲೆ ಹಿಡಿತ ಸಡಿಲಾಗುತ್ತದೆ. ಅದರಲ್ಲೂ ಹಣ್ಣು, ಬೆಲ್ಲಗಳಿಂದ ಸಿಗುವ ಫ್ರಕ್ಟೋಸ್ ಎಂಬ ಸಕ್ಕರೆ ಚೂರು ಬಂದರೂ ಸಾಕು, ಕಿಣ್ವ ಹೊರಗೆ ಬರುತ್ತದೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಹಸಿರಾಗಿ ಹೊಳೆಯುತ್ತದೆ. ಹಸಿದ ಪ್ರಾಣಿಯಲ್ಲಿ ಕೇಂದ್ರದೊಳಗೆ, ಉಂಡ ಪ್ರಾಣಿಯಲ್ಲಿ ಹೊರಗೆಲ್ಲ.

ನನ್ನ ಎಂಟೂ ಹಸಿದ ಮೊಲಗಳಲ್ಲಿ ಹಸಿರು ಹೊರಗೇ ಇತ್ತು.

"ನಿಮ್ಮ ಕೈಯಾಗ ಎಲ್ಲೋ ತಪ್ಪಾಗಾಕತ್ತೈತಿ, ಕೋಮಲ," ಎಂದರು ಗೈಡ್ ಅಣ್ಣಾಸಾಬ ಸರ್. ರಾಸಾಯನಿಕ ಬದಲಿಸಿದೆ, ಬಣ್ಣ ಬದಲಿಸಿದೆ. ಕೊನೆಗೆ ನನ್ನ ಮೇಲೆ ನನಗೇ ನಂಬಿಕೆ ಹೋಯಿತು. ಪ್ರಾಣಿ ಪ್ರಯೋಗ ಸಮಿತಿಯ ಅನುಮತಿಯಲ್ಲಿ ಉಳಿದದ್ದು ನಾಲ್ಕೇ ಮೊಲ, ಜೂನಿಗೆ ನನ್ನ ನೋಂದಣಿಯೂ ಮುಗಿಯುತ್ತಿತ್ತು. ಈ ನಾಲ್ಕೂ ಕೆಟ್ಟರೆ ಐದು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಕಾಲೇಜಿನಲ್ಲಿ ಜಾಗವಿಲ್ಲದ್ದರಿಂದ ಮೊಲಗಳಿದ್ದದ್ದು ರಾಯಬಾಗದ ಒಂದು ಶೆಡ್ಡಿನಲ್ಲಿ. ನೋಡಿಕೊಳ್ಳುವವಳು ಅಕ್ಕುತಾಯಿ, ಕಬ್ಬಿನ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದ ವಿಧವೆ. ಹಿಂದಿನ ಸಂಜೆ ಮೇವು ತೆಗೆದು ಬರೀ ನೀರಿಡುವುದು ಅವಳ ಕೆಲಸ. ಬೆಳಿಗ್ಗೆ ಎಂಟಕ್ಕೆ ನಾನು ಬಂದು ಪಕ್ಕದ ಕೋಣೆಯಲ್ಲಿ ಉಳಿದದ್ದನ್ನು ಮುಗಿಸುತ್ತಿದ್ದೆ. ಈ ಸಲ ನಿದ್ದೆ ಬಾರದೆ ಮೊದಲ ಬಸ್ಸಿಗೇ ಹೋದೆ. ಅಕ್ಕುತಾಯಿ ಪಂಜರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಮೊಲವೊಂದು ಅವಳ ಅಂಗೈಯಿಂದ ಏನೋ ತಿನ್ನುತ್ತಿತ್ತು.

"ಏನ್ ಕೊಡಾಕತ್ತೀರಿ?"

"ಬೆಲ್ಲಾರಿ. ಹೋಗೂ ಜೀವ ಅಲ್ರಿ. ಬಾಯಿ ಸಿಹಿ ಮಾಡಿ ಕಳಸೂದು ನಮ್ಮ ಪದ್ಧತಿ. ಆಡು ಮಾರಿದ್ರೂ ಮಾಡ್ತೀವಿ."

"ಹಿಂದಿನ ಎಂಟಕ್ಕೂ ಕೊಟ್ಟಿದ್ರಿ?"

"ಒಂದಕ್ಕೂ ತಪ್ಪಿಸಿಲ್ರಿ," ಎಂದಳು, ಕೆಲಸ ಚೊಕ್ಕಟವಾಗಿ ಮಾಡಿದವಳ ಹೆಮ್ಮೆಯಿಂದ.

ಅಳಬೇಕಿತ್ತು, ಸಿಟ್ಟು ಬಂತು. ಸಿಟ್ಟು ಮಾಡುವಷ್ಟು ತ್ರಾಣವೂ ಇರಲಿಲ್ಲ. ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತೆ.

"ಉಪವಾಸ ಇಡ್ರಿ ಅಂತ ಹೇಳಿದ್ನೆಲ್ರಿ."

"ಇಟ್ಟೀನೆಲ್ರಿ. ಒಂದ್ ಎಳಿ ಹುಲ್ಲ್ ಸುದ್ದಾ ಕೊಟ್ಟಿಲ್ಲ. ಏಕಾದಶಿ ಉಪವಾಸಕ್ಕ ಬೆಲ್ಲಾ ನಡೀತೈತೆಲ್ರಿ."

ನಮ್ಮವ್ವನೂ ಏಕಾದಶಿಗೆ ಶೇಂಗಾ-ಬೆಲ್ಲ ತಿನ್ನುತ್ತಾಳೆ. ನನ್ನ ಕೈ ತಪ್ಪಿರಲಿಲ್ಲ. ಐದು ವರ್ಷದಲ್ಲಿ ಒಂದು ದಿನ ಬೇಗ ಎದ್ದು ಬಂದಿದ್ದರೆ ಸಾಕಿತ್ತು. ಪ್ರಯೋಗದ ವಹಿಯಲ್ಲಿ ಎಂಟು ಕಡೆ 'ಉಪವಾಸ' ಹೊಡೆದುಹಾಕಿ 'ಬೆಲ್ಲ' ಎಂದು ಬರೆದೆ. ಇವತ್ತು ಬಿಡೋಣ, ಬರುವ ಸೋಮವಾರ ನಾಲ್ಕನ್ನೂ ಒಟ್ಟಿಗೆ ಮುಗಿಸೋಣ, ಆದರೆ ಬೆಲ್ಲ ಬೇಡ ಎಂದೆ.

ಅಕ್ಕುತಾಯಿ ಅಂಗೈಗೆ ಅಂಟಿದ್ದ ಬೆಲ್ಲವನ್ನು ಸೆರಗಿಗೆ ಒರೆಸಿಕೊಂಡಳು. "ನನ್ನ ಗಂಡ ಬಾಳೂನ ಆಪರೇಶನ್ ಇತ್ತು. ಏನೂ ಕೊಡಬ್ಯಾಡ್ರಿ ಅಂದಿದ್ರು. ಒಂದ್ ಹಳ್ಳು ಬೆಲ್ಲಾ ಕೊಡಬೇ ಅಂದ. ಅಷ್ಟ್ ಕೇಳಿದ್ರೂ ಕೊಡ್ಲಿಲ್ರಿ ನಾ. ಒಳಗ ಹೋದಾಂವ ಹೊಳ್ಳಿ ಬರ್ಲಿಲ್ಲ."

ಆಪರೇಶನ್ನಿಗೆ ಮುಂಚೆ ಹೊಟ್ಟೆ ಖಾಲಿ ಇರಬೇಕೆಂಬ ಕಾಯಿದೆ ಸರಿಯಾದದ್ದೇ ಎಂದು ಹೇಳಬಹುದಿತ್ತು. ವಹಿ ಮುಚ್ಚಿ ಚೀಲಕ್ಕೆ ಹಾಕಿದೆ.

"ಆತು ತಗೋರಿ," ಎಂದಳು ಕೊನೆಗೆ. "ಕೊಡೂದಿಲ್ಲ."

ಸೋಮವಾರ ಮೊದಲ ಬಸ್ಸಿಗೇ ಹೋದೆ. ನಂಬಿಕೆ ಸಾಲದೆ ಹೋದದ್ದು, ಸುಳ್ಳೇಕೆ. ಅಕ್ಕುತಾಯಿ ಪಂಜರದ ಮುಂದೆ ಗೋಣಿಚೀಲ ಹಾಸಿಕೊಂಡು ಗೋಡೆಗೆ ಒರಗಿದ್ದಳು. ತುಟಿಗಳು ಒಣಗಿದ್ದವು. ನಾನು ತಂದಿದ್ದ ಚಹಾ ಮುಂದಿಟ್ಟರೆ ಕೈಯಿಂದ ಸರಿಸಿದಳು.

"ಅವು ಹೋಗೂತನಾ ನನಗೂ ಬ್ಯಾಡ್ರಿ. ನಿನ್ನಿ ಸಂಜಿಯಿಂದ ಅವುಗಳ ಗತೆನ ಅದೀನಿ. ಬರೀ ನೀರು."

ನಾಲ್ಕನ್ನೂ ಮುಗಿಸುವಷ್ಟರಲ್ಲಿ ಹನ್ನೊಂದಾಯಿತು. ಅವಳು ಅಲ್ಲಿಂದ ಕದಲಲಿಲ್ಲ.

ಗುರುವಾರ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ನಾಲ್ಕರಲ್ಲೂ ಹಸಿರು ಕೇಂದ್ರದೊಳಗೇ ಇತ್ತು, ಒಂದೊಂದೂ ಹೆಸರುಕಾಳಿನಷ್ಟು ದುಂಡಗೆ. ಅಣ್ಣಾಸಾಬ ಸರ್ ಫೋನಿನಲ್ಲಿ "ಛಲೋ ಆತು" ಎಂದರು. ನನಗೆ ಸಂತೋಷವಾಗಲಿಲ್ಲ, ದಣಿವಾಯಿತು. ಅಕ್ಕುತಾಯಿಗೆ ಹೇಳಲೆಂದು ಅಲ್ಲಿಂದ ಹಾಗೆಯೇ ರಾಯಬಾಗದ ಬಸ್ಸು ಹತ್ತಿದೆ.

ಅವಳು ಖಾಲಿ ಪಂಜರ ತೊಳೆಯುತ್ತಿದ್ದಳು. ಕೆಲಸ ಆಯಿತು ಎಂದೆ. ತಲೆಯಾಡಿಸಿ ನನ್ನ ಮುಖ ನೋಡಿದಳು.

"ಮುಂಜಾನಿಂದ ಏನರೆ ತಿಂದೀರೇನ್ರಿ?"

"ಇಲ್ಲ."

ಕೈ ಒರೆಸಿಕೊಂಡು, ಗೋಡೆಯ ಗೂಡಿನಲ್ಲಿದ್ದ ಅರಿವೆಯ ಗಂಟು ಬಿಚ್ಚಿದಳು. ಗೋಲಿಯಷ್ಟು ಸಣ್ಣ ನಾಲ್ಕು ಹಳ್ಳು ಬೆಲ್ಲವಿತ್ತು. "ಅವಕ್ಕಂತ ತಂದಿದ್ದೆ. ಹಂಗ ಉಳದೈತಿ. ತಗೋರಿ."

ಒಂದು ಬಾಯಿಗೆ ಹಾಕಿಕೊಂಡೆ. ಇನ್ನು ಅರ್ಧ ತಾಸಿನಲ್ಲಿ ನನ್ನ ಲಿವರಿನಲ್ಲಿ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ನಾಲ್ಕು ಜೀವಗಳಲ್ಲಿ ಅದು ಆಗದ ಹಾಗೆ ನೋಡಿಕೊಂಡವಳು ನಾನೇ. ಉಳಿದ ಮೂರನ್ನು ಅಕ್ಕುತಾಯಿ ಮತ್ತೆ ಗಂಟು ಕಟ್ಟಿದಳು.